ಕಾನೂನು ಬೇಡ ಅನ್ನಲಿಲ್ಲ, ಕಾರ್ಡ್ ಕಂಪನಿ ಬೇಡ ಅಂದಿತು

2025ರ ಜುಲೈನಲ್ಲಿ ಸ್ಟೀಮ್ ಅನ್ನುವ ದೊಡ್ಡ ವಿಡಿಯೊ ಗೇಮ್ ಅಂಗಡಿಯಿಂದ ಒಂದಷ್ಟು ವಯಸ್ಕರ ಗೇಮ್‌ಗಳು ಸದ್ದಿಲ್ಲದೆ ಕಾಣೆಯಾದವು. ಅದಾಗಿ ಸುಮಾರು ಒಂದು ವಾರಕ್ಕೆ ಇಚ್ ಡಾಟ್ ಐಒ ಅನ್ನುವ, ಸಣ್ಣಪುಟ್ಟ ಡೆವಲಪರ್‌ಗಳೇ ಹೆಚ್ಚಾಗಿ ಬಳಸುವ ತಾಣ ತನ್ನಲ್ಲಿದ್ದ ವಯಸ್ಕರ ಕಂಟೆಂಟ್ ಅಷ್ಟನ್ನೂ ಹುಡುಕಿದರೂ ಸಿಗದ ಹಾಗೆ ಮಾಡಿತು. ಪೊಲೀಸರು ಬಂದಿರಲಿಲ್ಲ. ಕೋರ್ಟ್ ಆದೇಶ ಇರಲಿಲ್ಲ. ಎರಡೂ ಅಂಗಡಿಗಳು ಕೊಟ್ಟ ಕಾರಣ ಒಂದೇ: ಗಿರಾಕಿಯಿಂದ ದುಡ್ಡು ತಂದುಕೊಡುವ ಕಂಪನಿಗಳು ಒಪ್ಪುತ್ತಿಲ್ಲ.

ಇದನ್ನು ಓದಿದವರಿಗೆ ಗೊಂದಲ ಆಗುವುದು ಸಹಜ. ಕಾರ್ಡ್ ಕಂಪನಿ ಇರುವುದು ದುಡ್ಡು ದಾಟಿಸುವುದಕ್ಕೆ, ಯಾರು ಯಾವ ಗೇಮ್ ಆಡಬೇಕು ಅಂತ ಹೇಳೋಕೆ ಅದು ಯಾರು? ಇನ್ನೊಂದು ಕಡೆ, ಅಸಹ್ಯ ಗೇಮ್‌ಗಳು ಹೋದರೆ ಹೋಗಲಿ ಬಿಡಿ, ಅದಕ್ಕೇಕೆ ಇಷ್ಟು ಗಲಾಟೆ ಅನ್ನುವವರೂ ಇದ್ದಾರೆ. ಎರಡೂ ಪ್ರಶ್ನೆಗೆ ಉತ್ತರ ಬೇಕಾದರೆ ದುಡ್ಡು ಹೋಗುವ ದಾರಿ ಗೊತ್ತಿರಬೇಕು. ಮುಂಬೈ, ಪುಣೆಯ ಕನ್ನಡಿಗರಿಗೆ ಆ ದಾರಿ ದೂರದ್ದೇನಲ್ಲ. ರಿಸರ್ವ್ ಬ್ಯಾಂಕ್ ಇರುವುದು ಫೋರ್ಟ್‌ನಲ್ಲಿ. ಯುಪಿಐ ನಡೆಸುವ ಎನ್‌ಪಿಸಿಐ ಕಚೇರಿಯೂ ಮುಂಬೈಯಲ್ಲೇ. ಮಾಸ್ಟರ್‌ಕಾರ್ಡ್‌ನ ದೊಡ್ಡ ಟೆಕ್ ಕೇಂದ್ರ ಪುಣೆಯಲ್ಲಿದೆ.

ಸ್ವೈಪ್ ಮೆಷಿನ್ ಹಿಂದೆ ಯಾರಿದ್ದಾರೆ

ಮಾಟುಂಗದ ಯಾವುದಾದರೂ ಉಡುಪಿ ಹೋಟೆಲ್‌ನ ಗಲ್ಲಾ ನೋಡಿ. ಗಿರಾಕಿ ಕಾರ್ಡ್ ತೋರಿಸುತ್ತಾನೆ, ಮೆಷಿನ್ ಕೀಂಯ್ ಅನ್ನುತ್ತದೆ, ರಸೀದಿ ಬರುತ್ತದೆ, ಮುಗಿಯಿತು. ಆದರೆ ಆ ಮೆಷಿನ್ ಸುಮ್ನೆ ಬಂದದ್ದಲ್ಲ. ಗುಮಾಸ್ತಾ ಲೈಸೆನ್ಸ್, ಪ್ಯಾನ್, ಜಿಎಸ್‌ಟಿ ನಂಬರ್, ಕರೆಂಟ್ ಅಕೌಂಟ್ ಎಲ್ಲ ತೋರಿಸಿ, ನಾನು ಮಾಡುವ ವ್ಯಾಪಾರ ಇಂಥದ್ದು ಅಂತ ಬರೆದುಕೊಟ್ಟ ಮೇಲೆ ಒಂದು ಬ್ಯಾಂಕ್ ಅದನ್ನು ಕೊಟ್ಟಿರುತ್ತದೆ. ವ್ಯಾಪಾರಿಯ ಪರ ನಿಲ್ಲುವ ಈ ಬ್ಯಾಂಕಿಗೆ ಅಕ್ವೈರಿಂಗ್ ಬ್ಯಾಂಕ್ ಅನ್ನುತ್ತಾರೆ. ಗಿರಾಕಿಗೆ ಕಾರ್ಡ್ ಕೊಟ್ಟದ್ದು ಸಾಮಾನ್ಯವಾಗಿ ಬೇರೆ ಬ್ಯಾಂಕ್. ಇವೆರಡರ ನಡುವೆ ಲೆಕ್ಕ ಸರಿದೂಗಿಸುವ ಜಾಲವೇ ವೀಸಾ, ಮಾಸ್ಟರ್‌ಕಾರ್ಡ್, ನಮ್ಮ ರುಪೇ.

ಪ್ರತಿ ವ್ಯಾಪಾರಕ್ಕೂ ಕಾರ್ಡ್ ಜಗತ್ತಿನಲ್ಲಿ ನಾಲ್ಕು ಅಂಕಿಯ ಒಂದು ಕೋಡ್ ಇರುತ್ತದೆ. ಹೋಟೆಲಿಗೆ 5812. ಆನ್‌ಲೈನ್ ವಯಸ್ಕರ ಕಂಟೆಂಟ್‌ಗೆ ಹೆಚ್ಚಾಗಿ ಹಚ್ಚುವುದು 5967. ಈ ಎರಡನೆಯ ಕೋಡ್ ಬಿತ್ತು ಅಂದರೆ 'ಹೈ ರಿಸ್ಕ್' ಪಟ್ಟಿಗೆ ಸೇರಿದ ಹಾಗೆ. ಕಮಿಷನ್ ಜಾಸ್ತಿ, ತಪಾಸಣೆ ಜಾಸ್ತಿ, ಎಷ್ಟೋ ಬ್ಯಾಂಕ್‌ಗಳು ಬಾಗಿಲಲ್ಲೇ ಕೈ ಮುಗಿದುಬಿಡುತ್ತವೆ.

ಆನ್‌ಲೈನ್ ವ್ಯಾಪಾರದಲ್ಲಿ ಇನ್ನೂ ಒಬ್ಬರು ಸೇರಿಕೊಳ್ಳುತ್ತಾರೆ, ಪೇಮೆಂಟ್ ಪ್ರೊಸೆಸರ್. ಸ್ಟ್ರೈಪ್, ಪೇಪಾಲ್ ಇಂಥವು. ಹಿಂಜವಡಿಯಲ್ಲಿ ಹಗಲು ಕೆಲಸ ಮಾಡಿ ರಾತ್ರಿ ಗೇಮ್ ಬರೆಯುವ ಒಬ್ಬ ಧಾರವಾಡದ ಹುಡುಗ ಇದ್ದಾನೆ ಅಂತಿಟ್ಟುಕೊಳ್ಳಿ. ಅವನ ಗೇಮನ್ನು ಜರ್ಮನಿಯ ಒಬ್ಬ 5 ಡಾಲರ್ ಕೊಟ್ಟು ಕೊಂಡರೆ ಆ ದುಡ್ಡು ಕೊಳ್ಳುವವನ ಬ್ಯಾಂಕ್, ಕಾರ್ಡ್ ಜಾಲ, ಅಕ್ವೈರಿಂಗ್ ಬ್ಯಾಂಕ್, ಪ್ರೊಸೆಸರ್, ಗೇಮ್ ಅಂಗಡಿ ಇಷ್ಟು ಕೈ ದಾಟಿ ಅವನ ಖಾತೆಗೆ ಬರಬೇಕು. ಇದರಲ್ಲಿ ಯಾರು ಬೇಡ ಅಂದರೂ ದುಡ್ಡು ಅಲ್ಲೇ ನಿಂತಿತು.

ಇಲ್ಲಿ ಮುಖ್ಯವಾದ ಸಂಗತಿ ಒಂದಿದೆ. ನಿಯಮ ಮುರಿದರೆ ಕಾರ್ಡ್ ಜಾಲ ದಂಡ ಹಾಕುವುದು ಅಂಗಡಿಗಲ್ಲ, ಅಕ್ವೈರಿಂಗ್ ಬ್ಯಾಂಕಿಗೆ. ಬ್ಯಾಂಕ್ ಅದನ್ನು ಪ್ರೊಸೆಸರ್ ತಲೆಗೆ ಕಟ್ಟುತ್ತದೆ, ಪ್ರೊಸೆಸರ್ ಅಂಗಡಿಯ ತಲೆಗೆ. ಹಾಗಾಗಿ ಮೇಲೆ ಒಂದು ಸಣ್ಣ ಅನುಮಾನ ಹುಟ್ಟಿದರೂ ಕೆಳಗೆ ಬರುವಷ್ಟರಲ್ಲಿ ಅದು ದೊಡ್ಡ ಭಯ ಆಗಿರುತ್ತದೆ. ಪ್ರತಿಯೊಬ್ಬರೂ ತಮ್ಮ ಕಡೆಯಿಂದ ಒಂದಿಷ್ಟು ಹೆಚ್ಚುವರಿ ಎಚ್ಚರಿಕೆ ಸೇರಿಸಿಯೇ ಕೆಳಗೆ ದಾಟಿಸುತ್ತಾರೆ.

ಇಷ್ಟು ಹೆದರಿಕೆ ಯಾಕೆ

ಮೊದಲ ಕಾರಣ ಶುದ್ಧ ವ್ಯಾಪಾರದ್ದು. ವಯಸ್ಕರ ಕಂಟೆಂಟ್‌ನಲ್ಲಿ ಚಾರ್ಜ್‌ಬ್ಯಾಕ್ ಜಾಸ್ತಿ. ಅಂದರೆ, ತಿಂಗಳ ಕೊನೆಗೆ ಮನೆಯವರು ಕಾರ್ಡ್ ಸ್ಟೇಟ್‌ಮೆಂಟ್ ನೋಡಿ 'ಇದೇನ್ರೀ?' ಅಂದಾಗ, 'ಅಯ್ಯೋ, ನನ್ನ ಕಾರ್ಡ್ ಯಾರೋ ಬಳಸಿದ್ದಾರೆ' ಅಂತ ಬ್ಯಾಂಕಿಗೆ ದೂರು ಕೊಡುವುದು. ಬ್ಯಾಂಕ್ ದುಡ್ಡು ವಾಪಸ್ ಮಾಡಬೇಕು, ಖರ್ಚು ವ್ಯಾಪಾರಿಯ ಮೇಲೆ ಬೀಳಬೇಕು, ಅವನು ಓಡಿಹೋದರೆ ಬ್ಯಾಂಕಿನ ಮೇಲೆ.

ಎರಡನೆಯದು ನಿಜವಾದ ಅಪರಾಧದ ಭಯ. ಇದನ್ನು ಹಗುರ ಮಾಡಿ ಮಾತಾಡುವ ಹಾಗಿಲ್ಲ. 2020ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ನಿಕೊಲಸ್ ಕ್ರಿಸ್ಟಾಫ್ ಬರೆದ ಒಂದು ಲೇಖನ ಬಂತು. ಪೋರ್ನ್‌ಹಬ್‌ನಲ್ಲಿ ಮಕ್ಕಳ ಮೇಲಿನ ದೌರ್ಜನ್ಯದ ವಿಡಿಯೊಗಳು, ಒಪ್ಪಿಗೆ ಇಲ್ಲದೆ ಹಾಕಿದ ವಿಡಿಯೊಗಳು ಇವೆ, ಸಂತ್ರಸ್ತರು ಎಷ್ಟು ಬೇಡಿಕೊಂಡರೂ ಅವು ಮತ್ತೆ ಮತ್ತೆ ಮೇಲೆ ಬರುತ್ತವೆ ಅನ್ನುವುದು ಅದರ ಸಾರ. ಒಂದೇ ವಾರದೊಳಗೆ ವೀಸಾ, ಮಾಸ್ಟರ್‌ಕಾರ್ಡ್ ಎರಡೂ ಆ ತಾಣಕ್ಕೆ ಕಾರ್ಡ್ ಬಂದ್ ಮಾಡಿದವು. ಅದರ ಬೆನ್ನಿಗೇ ತಾಣ, ಹಾಕಿದವರ ಗುರುತು ಖಾತ್ರಿಯಾಗದ ವಿಡಿಯೊಗಳನ್ನೆಲ್ಲ ಕಿತ್ತುಹಾಕಿತು. ಒಂದು ಕೋಟಿ ಮೂವತ್ತು ಲಕ್ಷದಷ್ಟಿದ್ದ ಸಂಗ್ರಹ ನಲವತ್ತು ಲಕ್ಷದ ಆಸುಪಾಸಿಗೆ ಇಳಿಯಿತು. ವರ್ಷಗಟ್ಟಲೆ ಪೊಲೀಸು, ಕಾನೂನು ಅಂತ ಅಲೆದವರಿಗೆ ಸಿಗದ ಪರಿಹಾರ ಕಾರ್ಡ್ ಕಂಪನಿ ಕಣ್ಣು ಬಿಟ್ಟ ತಕ್ಷಣ ಸಿಕ್ಕಿತು.

2021ರ ಅಕ್ಟೋಬರ್‌ನಿಂದ ಮಾಸ್ಟರ್‌ಕಾರ್ಡ್ ಹೊಸ ನಿಯಮಗಳನ್ನು ತಂದಿತು. ವಯಸ್ಕರ ಕಂಟೆಂಟ್ ಮಾರುವ ತಾಣಗಳು ವಿಡಿಯೊದಲ್ಲಿರುವ ಪ್ರತಿಯೊಬ್ಬರ ವಯಸ್ಸು, ಗುರುತು, ಒಪ್ಪಿಗೆಯ ದಾಖಲೆ ಇಟ್ಟುಕೊಳ್ಳಬೇಕು, ಪ್ರಕಟಿಸುವ ಮೊದಲೇ ನೋಡಬೇಕು, ದೂರು ಬಂದರೆ ಏಳು ಕೆಲಸದ ದಿನಗಳಲ್ಲಿ ಇತ್ಯರ್ಥ ಮಾಡಬೇಕು. ಮರುವರ್ಷ ಅಮೆರಿಕದ ಒಬ್ಬ ಫೆಡರಲ್ ಜಡ್ಜ್, ಪೋರ್ನ್‌ಹಬ್ ಮಾತೃಸಂಸ್ಥೆಯ ವಿರುದ್ಧದ ಮೊಕದ್ದಮೆಯಿಂದ ವೀಸಾವನ್ನು ಕೈಬಿಡಲು ಒಪ್ಪಲಿಲ್ಲ. ದುಡ್ಡು ದಾಟಿಸಿದವರೂ ಉತ್ತರ ಕೊಡಬೇಕಾಗಬಹುದು ಅನ್ನುವುದು ಅಲ್ಲಿಗೆ ಸ್ಪಷ್ಟವಾಯಿತು. ಕೆಲವೇ ದಿನಗಳಲ್ಲಿ ವೀಸಾ ಆ ಸಂಸ್ಥೆಯ ಜಾಹೀರಾತು ವಿಭಾಗಕ್ಕೂ ಪಾವತಿ ನಿಲ್ಲಿಸಿತು.

ಮೂರನೆಯದು ಹೆಸರು ಕೆಡುವ ಭಯ. ಹೆಚ್ಚು ತೊಂದರೆ ಕೊಡುವುದು ಇದೇ. ಯಾಕಂದರೆ ಇದಕ್ಕೆ ಅಳತೆ ಅಂತ ಇಲ್ಲ.

ನಾನಲ್ಲ, ಅವನು

ಈಗ ಮತ್ತೆ 2025ಕ್ಕೆ ಬರೋಣ. ಆಸ್ಟ್ರೇಲಿಯಾದ ಕಲೆಕ್ಟಿವ್ ಶೌಟ್ ಅನ್ನುವ ಸಂಘಟನೆ ಜುಲೈ 11ರಂದು ಪೇಮೆಂಟ್ ಕಂಪನಿಗಳ ಮುಖ್ಯಸ್ಥರಿಗೆ ಬಹಿರಂಗ ಪತ್ರ ಬರೆಯಿತು. ಅತ್ಯಾಚಾರ, ರಕ್ತಸಂಬಂಧಿಗಳ ನಡುವಿನ ಲೈಂಗಿಕತೆ, ಮಕ್ಕಳ ಮೇಲಿನ ದೌರ್ಜನ್ಯವನ್ನು ಆಟವಾಗಿಸಿದ ಗೇಮ್‌ಗಳು ಸ್ಟೀಮ್, ಇಚ್‌ನಲ್ಲಿವೆ, ಅವುಗಳಿಂದ ನೀವು ದುಡ್ಡು ಮಾಡುತ್ತಿದ್ದೀರಿ ಅನ್ನುವುದು ದೂರು. ಇದಕ್ಕೆ ಮೊದಲು, ಏಪ್ರಿಲ್‌ನಲ್ಲಿ, 'ನೋ ಮರ್ಸಿ' ಅನ್ನುವ ಗೇಮ್ ಇದೇ ಥರದ ಗಲಾಟೆಯಾಗಿ ಹೊರಬಿದ್ದಿತ್ತು. ಪತ್ರ ಹೋದ ಕೆಲವೇ ದಿನಗಳಲ್ಲಿ ಸ್ಟೀಮ್ ತನ್ನ ನಿಯಮಗಳ ಪಟ್ಟಿಗೆ ಒಂದು ಸಾಲು ಸೇರಿಸಿತು: ಪೇಮೆಂಟ್ ಪ್ರೊಸೆಸರ್‌ಗಳು, ಕಾರ್ಡ್ ಜಾಲಗಳು, ಬ್ಯಾಂಕ್‌ಗಳು ಹಾಕಿದ ನಿಯಮ ಮುರಿಯಬಹುದಾದ ಕಂಟೆಂಟ್, ಅದರಲ್ಲೂ ಕೆಲವು ಬಗೆಯ ವಯಸ್ಕರ ಕಂಟೆಂಟ್, ಇಲ್ಲಿ ನಿಷಿದ್ಧ.

'ಕೆಲವು ಬಗೆಯ' ಅಂದರೆ ಯಾವ ಬಗೆ? ಬರೆದಿಲ್ಲ. ಗೇಮ್ ಮಾಡುವವನು ಸ್ಟೀಮ್‌ನ ನಿಯಮ ಓದಿದರೆ ಅದು ಬ್ಯಾಂಕಿನ ನಿಯಮ ನೋಡು ಅನ್ನುತ್ತದೆ, ಬ್ಯಾಂಕಿನ ನಿಯಮ ಅವನ ಕೈಗೆ ಸಿಗುವುದಿಲ್ಲ.

ಜನ ವೀಸಾ, ಮಾಸ್ಟರ್‌ಕಾರ್ಡ್ ಕಚೇರಿಗಳಿಗೆ ಫೋನ್ ಮಾಡಿ ತರಾಟೆಗೆ ತೆಗೆದುಕೊಳ್ಳಲು ಶುರು ಮಾಡಿದರು. ಆಗಸ್ಟ್ 1ರಂದು ಮಾಸ್ಟರ್‌ಕಾರ್ಡ್ ಹೇಳಿಕೆ ಕೊಟ್ಟಿತು: ನಾವು ಯಾವ ಗೇಮನ್ನೂ ಪರಿಶೀಲಿಸಿಲ್ಲ, ಯಾವ ತಾಣಕ್ಕೂ ನಿರ್ಬಂಧ ಹಾಕಿ ಅಂದಿಲ್ಲ, ಕಾನೂನುಬದ್ಧವಾದ ಖರೀದಿ ಎಲ್ಲದಕ್ಕೂ ನಮ್ಮ ಕಾರ್ಡ್ ನಡೆಯುತ್ತದೆ. ಕೇಳಲು ಚೆನ್ನಾಗಿದೆ, ಅಲ್ವಾ? ಸ್ಟೀಮ್ ನಡೆಸುವ ವಾಲ್ವ್ ಕಂಪನಿ ತಿರುಗಿ ಹೇಳಿದ್ದು ಬೇರೆ. ಮಾಸ್ಟರ್‌ಕಾರ್ಡ್ ನಮ್ಮ ಜೊತೆ ನೇರ ಮಾತಾಡಲೇ ಇಲ್ಲ, ನಾವು ಕೇಳಿದರೂ ಮಾತಾಡಲಿಲ್ಲ. ಅದು ಪ್ರೊಸೆಸರ್‌ಗಳಿಗೆ, ಬ್ಯಾಂಕ್‌ಗಳಿಗೆ ಹೇಳಿತು, ಅವರು ನಮಗೆ ಹೇಳಿದರು. ಕಾನೂನುಬದ್ಧ ಗೇಮ್ ಮಾತ್ರ ಮಾರುತ್ತೇವೆ ಅನ್ನುವ ನಮ್ಮ ನೀತಿಯನ್ನು ಪ್ರೊಸೆಸರ್‌ಗಳು ತಿರಸ್ಕರಿಸಿದರು, ತಿರಸ್ಕರಿಸುವಾಗ ಮಾಸ್ಟರ್‌ಕಾರ್ಡ್‌ನದೇ 5.12.7ನೇ ನಿಯಮ ತೋರಿಸಿದರು.

ಆ ನಿಯಮವನ್ನು ಒಮ್ಮೆ ನೋಡಬೇಕು. ಕಾನೂನುಬಾಹಿರ ವ್ಯವಹಾರ ಬೇಡ ಅನ್ನುವುದರ ಜೊತೆಗೆ ಅದು ಇನ್ನೊಂದು ಮಾತು ಹೇಳುತ್ತದೆ: ಕಂಪನಿಯ ಒಳ್ಳೆಯ ಹೆಸರಿಗೆ ಧಕ್ಕೆ ತರಬಹುದಾದ ಯಾವ ವ್ಯವಹಾರವೂ ಬೇಡ. ಯಾವುದರಿಂದ ಧಕ್ಕೆ ಅಂತ ತೀರ್ಮಾನಿಸುವವರೂ ಕಂಪನಿಯವರೇ. ಹೀಗಾಗಿ ಮಾಸ್ಟರ್‌ಕಾರ್ಡ್ ಹೇಳಿದ್ದು ಸುಳ್ಳಲ್ಲ, ವಾಲ್ವ್ ಹೇಳಿದ್ದೂ ಸುಳ್ಳಲ್ಲ. ಯಾರೂ ಆದೇಶ ಕೊಟ್ಟಿಲ್ಲ, ಆದರೂ ಆದೇಶ ಜಾರಿಯಾಯಿತು. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುವ ಗಾದೆ ಇದೆಯಲ್ಲ, ಇಲ್ಲಿ ಪೂಜಾರಿಗಳೇ ನಾಲ್ಕೈದು ಜನ, ಯಾರು ತಡೆದರು ಅಂತ ಕೇಳಿದರೆ ಎಲ್ಲರೂ ಪಕ್ಕದವನ ಕಡೆ ಕೈ ತೋರಿಸುತ್ತಾರೆ.

ಬೇಕು ಅನ್ನುವವರ ವಾದ

ಪೇಮೆಂಟ್ ಕಂಪನಿಗಳು ಕೈ ಹಾಕಬೇಕು ಅನ್ನುವವರು ಹೇಳುವುದು ಇಷ್ಟು. ಖಾಸಗಿ ಕಂಪನಿ ತನಗೆ ಬೇಡದ ವ್ಯಾಪಾರದ ಜೊತೆ ನಿಲ್ಲಬೇಕು ಅಂತ ಬಲವಂತ ಮಾಡುವುದು ಹೇಗೆ? ಹೆಂಗಸರ ಮೇಲಿನ ಹಿಂಸೆಯನ್ನೇ ಮಜಾ ಅಂತ ಮಾರುವ ಸರಕಿನಿಂದ ಕಮಿಷನ್ ತೆಗೆದುಕೊಳ್ಳುವವರಿಗೂ ಜವಾಬ್ದಾರಿ ಇದೆ. ಕಾನೂನು ಒಂದು ದೇಶದ್ದು, ಇಂಟರ್ನೆಟ್ ಎಲ್ಲ ದೇಶದ್ದು. ಸರ್ವರ್ ಎಲ್ಲೋ, ಕಂಪನಿ ಎಲ್ಲೋ, ಬಲಿಯಾದವಳು ಇನ್ನೆಲ್ಲೋ ಇರುವಾಗ ಹಿಡಿಯಲು ಸಿಗುವುದು ದುಡ್ಡಿನ ಕೊಂಡಿ ಒಂದೇ. 2020ರ ಉದಾಹರಣೆ ಅವರ ಕೈಯಲ್ಲಿದೆ, ಅದು ಗಟ್ಟಿ ಉದಾಹರಣೆಯೇ.

ಆದರೆ 2020ಕ್ಕೂ 2025ಕ್ಕೂ ದೊಡ್ಡ ವ್ಯತ್ಯಾಸ ಇದೆ, ಈ ಚರ್ಚೆಯಲ್ಲಿ ಅದೇ ಕಳೆದುಹೋಗುತ್ತಿದೆ. ಅಲ್ಲಿ ಇದ್ದದ್ದು ನಿಜವಾದ ಮನುಷ್ಯರ ಮೇಲೆ ನಡೆದ ಅಪರಾಧದ ದಾಖಲೆ. ಇಲ್ಲಿ ಬಹುಪಾಲು ಇರುವುದು ಬರೆದ ಕಥೆ, ಬಿಡಿಸಿದ ಚಿತ್ರ. ಅವುಗಳಲ್ಲಿ ಹೇಸಿಗೆಯಾದವು ಖಂಡಿತ ಇವೆ. ಆದರೂ ಅಪರಾಧದ ಸಾಕ್ಷಿಯೂ ಕೆಟ್ಟ ಅಭಿರುಚಿಯ ಕಲ್ಪನೆಯೂ ಒಂದೇ ಅಲ್ಲ. ಇವೆರಡನ್ನು ಬೇರೆ ಮಾಡಿ ನೋಡುವ ಕೆಲಸ ಜಡ್ಜ್‌ಗೆ ಗೊತ್ತು, ಬ್ಯಾಂಕಿನ ರಿಸ್ಕ್ ವಿಭಾಗಕ್ಕೆ ಅದರ ಅಗತ್ಯವೇ ಇಲ್ಲ. ಅನುಮಾನ ಬಂದರೆ ಒಟ್ಟಿಗೆ ಬಂದ್ ಮಾಡುವುದು ಅವರಿಗೆ ಅಗ್ಗ.

ಬೇಡ ಅನ್ನುವವರ ವಾದ

ಇಚ್‌ನಲ್ಲಿ ಆದದ್ದು ಅದೇ. ಒಂದೊಂದೇ ಗೇಮ್ ನೋಡಿ ಬೇರ್ಪಡಿಸಲು ಸಮಯ ಇಲ್ಲ ಅಂತ ತಾಣ ವಯಸ್ಕರ ಕಂಟೆಂಟ್ ಅನ್ನುವ ಗುರುತು ಇದ್ದ ಎಲ್ಲವನ್ನೂ ಒಮ್ಮೆಗೇ ಪಟ್ಟಿಯಿಂದ ಇಳಿಸಿತು. ದೌರ್ಜನ್ಯದಿಂದ ಪಾರಾದವರು ತಮ್ಮ ಅನುಭವ ಬರೆದದ್ದು, ಇಬ್ಬರು ಗಂಡಸರ ಪ್ರೇಮದ ಕಥೆ, ಪ್ರಾಮಾಣಿಕವಾಗಿ 'ಇದು ದೊಡ್ಡವರಿಗೆ' ಅಂತ ಚೀಟಿ ಅಂಟಿಸಿದ ಎಲ್ಲವೂ ಅದೇ ಬಲೆಗೆ ಬೀಳುತ್ತವೆ. ಚೀಟಿ ಅಂಟಿಸದೆ ಕಳ್ಳತನದಲ್ಲಿ ಇಟ್ಟವನು ಉಳಿದುಕೊಂಡ. ತಿಂಗಳ ಕೊನೆಗೆ ಉಚಿತವಾಗಿ ಸಿಗುವಂಥವನ್ನು ಮತ್ತೆ ಪಟ್ಟಿಗೆ ಸೇರಿಸಿದರು. ದುಡ್ಡಿಲ್ಲದಿದ್ದರೆ ತಕರಾರೂ ಇಲ್ಲ, ನೋಡಿ!

ಜಪಾನಿನ ಕಥೆ ಇನ್ನೂ ಮುಂದೆ ಹೋಗಿದೆ. ಅಲ್ಲಿ ಡಿಎಲ್‌ಸೈಟ್ ಅನ್ನುವ ದೊಡ್ಡ ತಾಣದಲ್ಲಿ 2024ರ ಏಪ್ರಿಲ್‌ನಿಂದ ವೀಸಾ, ಮಾಸ್ಟರ್‌ಕಾರ್ಡ್ ನಡೆಯುವುದು ನಿಂತಿತು. ಮಾರುತ್ತಿದ್ದುದು ಜಪಾನಿನ ಕಾನೂನಿಗೆ ಒಳಪಟ್ಟ ಸರಕು, ಮಾರುವವರೂ ಕೊಳ್ಳುವವರೂ ಬಹುಪಾಲು ಜಪಾನಿನವರು, ಬೇಡ ಅಂದದ್ದು ಮಾತ್ರ ಅಮೆರಿಕದ ಕಾರ್ಡ್. ಅದೇ ವರ್ಷ ನವೆಂಬರ್‌ನಲ್ಲಿ ಮಾಂಗಾ ಲೈಬ್ರರಿ ಝಡ್ ಅನ್ನುವ, ಮಾರುಕಟ್ಟೆಯಲ್ಲಿ ಸಿಗದ ಹಳೆಯ ಕಾಮಿಕ್ಸ್‌ಗಳ ತಾಣ ಪೇಮೆಂಟ್ ಕಂಪನಿ ಒಪ್ಪಂದ ಮುರಿದದ್ದರಿಂದ ಸೇವೆ ನಿಲ್ಲಿಸಿತು.

ವಿರೋಧಿಸುವವರ ಇನ್ನೊಂದು ಭಯ, ಇಂದು ಅಶ್ಲೀಲ, ನಾಳೆ ಬೇರೆ. ಇದು ಸುಮ್ನೆ ಹೆದರಿಸುವ ಮಾತಲ್ಲ, ಆಗಲೇ ಆಗಿದೆ. 2010ರ ಕೊನೆಯಲ್ಲಿ ವಿಕಿಲೀಕ್ಸ್ ಅನ್ನುವ ತಾಣ ಅಮೆರಿಕ ಸರ್ಕಾರದ ಗುಟ್ಟಿನ ಕಾಗದಪತ್ರ ಬಯಲು ಮಾಡಿದಾಗ ವೀಸಾ, ಮಾಸ್ಟರ್‌ಕಾರ್ಡ್, ಪೇಪಾಲ್ ಒಂದರ ಹಿಂದೆ ಒಂದು ಅದಕ್ಕೆ ದೇಣಿಗೆ ಹೋಗುವ ದಾರಿ ಮುಚ್ಚಿದವು. ಅದು ಪತ್ರಿಕೋದ್ಯಮವೋ ಅಪರಾಧವೋ ಅನ್ನುವ ಪ್ರಶ್ನೆ ಯಾವ ಕೋರ್ಟಿನಲ್ಲೂ ತೀರ್ಮಾನ ಆಗಿರಲಿಲ್ಲ.

ಒಂದು ಕೇಸ್ ಮಾತ್ರ ಉಲ್ಟಾ ಹೋಯಿತು. 2015ರಲ್ಲಿ ಶಿಕಾಗೊ ಪ್ರದೇಶದ ಶೆರಿಫ್ ಟಾಮ್ ಡಾರ್ಟ್, ಬ್ಯಾಕ್‌ಪೇಜ್ ಅನ್ನುವ, ವಯಸ್ಕರ ಸೇವೆಯ ಜಾಹೀರಾತುಗಳೂ ಇದ್ದ ತಾಣಕ್ಕೆ ಕಾರ್ಡ್ ನಿಲ್ಲಿಸಿ ಅಂತ ವೀಸಾ, ಮಾಸ್ಟರ್‌ಕಾರ್ಡ್‌ಗೆ ಪತ್ರ ಬರೆದರು. ಎರಡೂ ತಕ್ಷಣ ನಿಲ್ಲಿಸಿದವು. ಜಡ್ಜ್ ರಿಚರ್ಡ್ ಪೋಸ್ನರ್ ಇದನ್ನು ಸಂವಿಧಾನ ವಿರೋಧಿ ಅಂದರು: ಸರ್ಕಾರಿ ಅಧಿಕಾರಿ ನೇರವಾಗಿ ಮಾಡಲಾಗದ ಸೆನ್ಸಾರನ್ನು ಕಾರ್ಡ್ ಕಂಪನಿಗೆ ಹೆದರಿಸಿ ಮಾಡಿಸುವ ಹಾಗಿಲ್ಲ. ಆದರೆ ಪತ್ರ ಬರೆದವರು ಅಧಿಕಾರಿಯಲ್ಲದೆ ಖಾಸಗಿ ಸಂಘಟನೆಯಾಗಿದ್ದರೆ? ಆಗ ಈ ತೀರ್ಪು ಉಪಯೋಗಕ್ಕೆ ಬರುವುದಿಲ್ಲ. ಮನವಿ ಮಾಡುವುದು ಸಂಘಟನೆಯ ಹಕ್ಕು. 2025ರಲ್ಲಿ ಆದದ್ದು ಇಂಥ ಕೇಸ್.

ಇಲ್ಲಿ ನಮಗೇನು

ನಮ್ಮಲ್ಲಿ ಕಾನೂನೇ ಬಿಗಿ. ಐಟಿ ಕಾಯ್ದೆಯ 67ಎ ಪ್ರಕಾರ ಲೈಂಗಿಕ ದೃಶ್ಯಗಳ ಕಂಟೆಂಟನ್ನು ಆನ್‌ಲೈನ್‌ನಲ್ಲಿ ಪ್ರಕಟಿಸಿದರೆ ಮೊದಲ ಸಲಕ್ಕೇ ಐದು ವರ್ಷದವರೆಗೆ ಜೈಲು, ಹತ್ತು ಲಕ್ಷದವರೆಗೆ ದಂಡ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 18 ಒಟಿಟಿಗಳನ್ನು ಬಂದ್ ಮಾಡಿತು, 2025ರ ಜುಲೈನಲ್ಲಿ ಉಲ್ಲು, ಆಲ್ಟ್ ಸೇರಿ ಇನ್ನೂ 25 ಆ್ಯಪ್ ಮತ್ತು ತಾಣಗಳನ್ನು. ಉಲ್ಲು, ಆಲ್ಟ್ ಎರಡೂ ಮುಂಬೈಯ ವ್ಯಾಪಾರಗಳು. ಸ್ಟೀಮ್ ಸುದ್ದಿ ಬಂದ ತಿಂಗಳಲ್ಲೇ ಇದೂ ಬಂದದ್ದರಿಂದ ಎಷ್ಟೋ ಜನ ಎರಡೂ ಒಂದೇ ಅಂದುಕೊಂಡರು. ಒಂದೇ ಅಲ್ಲ. ಇಲ್ಲಿ ಸರ್ಕಾರ ಕಾನೂನಿನ ಹೆಸರು ಹೇಳಿ, ತನ್ನ ಹೆಸರಿನಲ್ಲೇ ಬಂದ್ ಮಾಡಿತು. ಒಪ್ಪದವರು ಹೈಕೋರ್ಟಿಗೆ ಹೋಗಬಹುದು. ಸ್ಟೀಮ್‌ನಿಂದ ಗೇಮ್ ಹೋದರೆ ಯಾರ ಮೇಲೆ ಕೇಸ್ ಹಾಕುತ್ತೀರಿ?

ಹಾಗಂತ ಪೇಮೆಂಟ್ ಹಗ್ಗ ಎಳೆಯುವುದು ನಮ್ಮಲ್ಲಿ ಇಲ್ಲವೇ ಇಲ್ಲ ಅಂತಲ್ಲ. 2018ರ ಏಪ್ರಿಲ್ 6ರಂದು ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಿತು. ಕ್ರಿಪ್ಟೊ ವ್ಯಾಪಾರ ಮಾಡುವವರಿಗೆ ಬ್ಯಾಂಕ್‌ಗಳು ಸೇವೆ ಕೊಡಕೂಡದು ಅಂತ. ಕ್ರಿಪ್ಟೊ ನಿಷೇಧ ಮಾಡಿದ ಕಾನೂನು ಇರಲಿಲ್ಲ, ಬ್ಯಾಂಕ್ ಖಾತೆ ಮಾತ್ರ ಇಲ್ಲ. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಆ ಸುತ್ತೋಲೆಯನ್ನು ರದ್ದು ಮಾಡಿತು. ತಮಾಷೆ ಏನಂದರೆ, ರದ್ದಾಗಿ ವರ್ಷ ಕಳೆದ ಮೇಲೂ ಕೆಲವು ಬ್ಯಾಂಕ್‌ಗಳು ಅದೇ ಸುತ್ತೋಲೆ ತೋರಿಸಿ ಗಿರಾಕಿಗಳಿಗೆ ಎಚ್ಚರಿಕೆ ಕಳಿಸುತ್ತಿದ್ದವು. ಕೊನೆಗೆ 2021ರ ಮೇ 31ರಂದು, ಅದು ಈಗ ಊರ್ಜಿತವಲ್ಲ ಅಂತ ರಿಸರ್ವ್ ಬ್ಯಾಂಕೇ ಹೇಳಬೇಕಾಯಿತು. ಮೇಲಿನ ಆದೇಶ ಸತ್ತರೂ ಕೆಳಗಿನ ಭಯ ಸಾಯುವುದಿಲ್ಲ.

2022ರ ಏಪ್ರಿಲ್‌ನಲ್ಲಿ ಇನ್ನೂ ಸೂಕ್ಷ್ಮವಾದದ್ದು ನಡೆಯಿತು. ಕಾಯಿನ್‌ಬೇಸ್ ಅನ್ನುವ ಅಮೆರಿಕದ ಕ್ರಿಪ್ಟೊ ಕಂಪನಿ ಯುಪಿಐ ಮೂಲಕ ದುಡ್ಡು ತೆಗೆದುಕೊಳ್ಳುತ್ತೇವೆ ಅಂತ ಘೋಷಿಸಿತು. ಅದೇ ದಿನ ಎನ್‌ಪಿಸಿಐ, ಯುಪಿಐ ಬಳಸುವ ಯಾವ ಕ್ರಿಪ್ಟೊ ಕಂಪನಿಯೂ ನಮಗೆ ಗೊತ್ತಿಲ್ಲ ಅಂತ ಒಂದು ಹೇಳಿಕೆ ಕೊಟ್ಟಿತು. ನಿಷೇಧ ಅನ್ನುವ ಮಾತೇ ಅದರಲ್ಲಿರಲಿಲ್ಲ. ಕೆಲವೇ ದಿನಗಳಲ್ಲಿ ಕಾಯಿನ್‌ಬೇಸ್ ಯುಪಿಐ ನಿಲ್ಲಿಸಿತು. ರಿಸರ್ವ್ ಬ್ಯಾಂಕಿನಿಂದ ಅನೌಪಚಾರಿಕ ಒತ್ತಡ ಇತ್ತು ಅಂತ ಅದರ ಮುಖ್ಯಸ್ಥ ಬ್ರಯಾನ್ ಆರ್ಮ್‌ಸ್ಟ್ರಾಂಗ್ ಆಮೇಲೆ ಹೇಳಿದರು. ಕ್ರಿಪ್ಟೊ ಒಳ್ಳೆಯದೋ ಕೆಟ್ಟದ್ದೋ, ಅದು ಬೇರೆ ಮಾತು. ಕಾಗದದ ಮೇಲೆ ಇಲ್ಲದ ಆದೇಶವನ್ನು ಕೋರ್ಟಿನಲ್ಲಿ ಪ್ರಶ್ನಿಸುವುದು ಹೇಗೆ?

ಇದಕ್ಕೆ ಎದುರಾಗಿ 2025ರ ಆಗಸ್ಟ್‌ನಲ್ಲಿ ಬಂದ ಆನ್‌ಲೈನ್ ಗೇಮಿಂಗ್ ಕಾಯ್ದೆಯನ್ನು ಇಟ್ಟು ನೋಡಿ. ದುಡ್ಡು ಕಟ್ಟಿ ಆಡುವ ಆಟಗಳನ್ನು ಅದು ನಿಷೇಧಿಸಿತು, ಅಂಥ ಆಟಕ್ಕೆ ದುಡ್ಡು ದಾಟಿಸಬಾರದು ಅಂತ ಬ್ಯಾಂಕ್‌ಗಳಿಗೂ ಪೇಮೆಂಟ್ ಕಂಪನಿಗಳಿಗೂ ಕಟ್ಟಪ್ಪಣೆ ಮಾಡಿತು. ಮುಂಬೈಯ ಡ್ರೀಮ್11 ತನ್ನ ದುಡ್ಡಿನ ಆಟ ನಿಲ್ಲಿಸಿತು. ಇಲ್ಲೂ ಹಿಡಿದದ್ದು ಅದೇ ಹಗ್ಗ. ಆದರೆ ಸಂಸತ್ತಿನಲ್ಲಿ ಮತ ಹಾಕಿ, ಗೆಜೆಟ್‌ನಲ್ಲಿ ಅಚ್ಚು ಹಾಕಿಸಿ ಹಿಡಿದರು. ವಾರದೊಳಗೆ ಒಂದು ಕಂಪನಿ ಕರ್ನಾಟಕ ಹೈಕೋರ್ಟಿಗೆ ಹೋಯಿತು, 2025ರ ಸೆಪ್ಟೆಂಬರ್‌ನಲ್ಲಿ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಕಾಯ್ದೆಯನ್ನು ಒಪ್ಪಬಹುದು, ಬಿಡಬಹುದು, ಚರ್ಚೆ ಮಾಡಲು ಒಂದು ಜಾಗವಾದರೂ ಇದೆ.

ಮುಂದೆ ಏನಾಗಬಹುದು

ಅಮೆರಿಕದಲ್ಲಿ 2025ರ ಆಗಸ್ಟ್ 7ರಂದು ಟ್ರಂಪ್ ಒಂದು ಆದೇಶಕ್ಕೆ ಸಹಿ ಹಾಕಿದರು. ಬ್ಯಾಂಕ್‌ಗಳು ರಾಜಕೀಯ ಕಾರಣಕ್ಕೆ ಗಿರಾಕಿಗಳನ್ನು ಹೊರಗಟ್ಟಬಾರದು, ನಿಯಂತ್ರಕರು 'ಹೆಸರು ಕೆಡುವ ಅಪಾಯ' ಅನ್ನುವ ನೆಪವನ್ನು ತಮ್ಮ ಕೈಪಿಡಿಗಳಿಂದ ತೆಗೆಯಬೇಕು ಅಂತ ಅದರಲ್ಲಿದೆ. ಅದು ಗೇಮ್‌ಗಳಿಗಾಗಿ ಬಂದದ್ದಲ್ಲ. ಕಾರ್ಡ್ ಜಾಲಗಳ ಸ್ವಂತ ನಿಯಮಪುಸ್ತಕವನ್ನು ಅದು ಮುಟ್ಟುವುದೂ ಇಲ್ಲ, ಹಾಗಾಗಿ 5.12.7 ತಾನಾಗಿ ಬದಲಾಗುತ್ತದೆ ಅಂತ ಕಾಯುವುದರಲ್ಲಿ ಅರ್ಥವಿಲ್ಲ.

ತಾಣಗಳು ಬೇರೆ ದಾರಿ ಹುಡುಕುತ್ತವೆ. ಜಪಾನಿನಲ್ಲಿ ಸ್ವದೇಶಿ ಜೆಸಿಬಿ ಕಾರ್ಡ್ ಇದೆ, ಕೆಲವರು ಅದರ ಮೇಲೆ ನಿಂತಿದ್ದಾರೆ. ಕೆಲವರು ಕ್ರಿಪ್ಟೊಗೆ ಹೋಗುತ್ತಾರೆ. ಅಲ್ಲಿ ವಯಸ್ಸು, ಒಪ್ಪಿಗೆಯ ದಾಖಲೆ ಕೇಳುವವರು ಯಾರೂ ಇಲ್ಲ, ಅಂದರೆ ಕಾರ್ಡ್ ಬಿಗಿ ಮಾಡಿದ್ದರಿಂದ ನಿಜವಾದ ಅಪರಾಧಿಗೆ ಅನುಕೂಲ ಆಗುವ ಸಾಧ್ಯತೆಯೂ ಇದೆ. ದೊಡ್ಡ ತಾಣಗಳಿಗೆ ಚೌಕಾಸಿ ಮಾಡುವ ಶಕ್ತಿ ಇದೆ. ಓನ್ಲಿಫ್ಯಾನ್ಸ್ ಅನ್ನುವ, ಜನ ತಮ್ಮದೇ ಫೋಟೊ, ವಿಡಿಯೊಗಳನ್ನು ಚಂದಾದಾರರಿಗೆ ಮಾರುವ ತಾಣ 2021ರ ಆಗಸ್ಟ್‌ನಲ್ಲಿ ಬ್ಯಾಂಕ್‌ಗಳ ಕಾಟಕ್ಕೆ ಲೈಂಗಿಕ ಕಂಟೆಂಟ್ ನಿಲ್ಲಿಸುತ್ತೇವೆ ಅಂದು, ಒಂದು ವಾರ ಮುಗಿಯುವ ಮೊದಲೇ ಆ ಮಾತು ಹಿಂದೆ ತೆಗೆದುಕೊಂಡಿತು. ಸಣ್ಣವರಿಗೆ ಆ ವಾರವೂ ಸಿಗುವುದಿಲ್ಲ.

ಕಾರ್ಡ್ ಕಂಪನಿಗಳನ್ನು ಯಾರೂ ಬಗ್ಗಿಸಲಾಗದು ಅನ್ನುವುದು ಮಾತ್ರ ಸುಳ್ಳು. ಪಾವತಿಯ ಡೇಟಾ ಭಾರತದಲ್ಲೇ ಇಡಬೇಕು ಅನ್ನುವ ನಿಯಮ ಪಾಲಿಸಲಿಲ್ಲ ಅಂತ ರಿಸರ್ವ್ ಬ್ಯಾಂಕ್ 2021ರ ಜುಲೈ 22ರಿಂದ ಮಾಸ್ಟರ್‌ಕಾರ್ಡ್ ಹೊಸ ಗಿರಾಕಿಗಳನ್ನು ಸೇರಿಸಿಕೊಳ್ಳದ ಹಾಗೆ ಮಾಡಿತ್ತು. ಕಂಪನಿ ದಾರಿಗೆ ಬಂತು, 2022ರ ಜೂನ್‌ನಲ್ಲಿ ನಿರ್ಬಂಧ ತೆಗೆದರು. ಡೇಟಾ ವಿಷಯದಲ್ಲಿ ಹಾಗೆ ಕೇಳಬಹುದಾದರೆ, ಕಾನೂನುಬದ್ಧ ವ್ಯಾಪಾರಿಯನ್ನು ಹೊರಗೆ ಹಾಕುವಾಗ ಕಾರಣ ಬರೆದುಕೊಡಿ, ಮೇಲ್ಮನವಿಗೆ ಒಂದು ದಾರಿ ಇಡಿ ಅಂತಲೂ ಕೇಳಬಹುದು. ಅಶ್ಲೀಲದ ಹೆಸರಿದ್ದ ಮಾತ್ರಕ್ಕೆ ಹೀಗೆ ಕೇಳಲು ನಾಚಿಕೆ ಪಡುವ ಅಗತ್ಯ ಇಲ್ಲ, ಈ ನಿಯಮ ಹೋಟೆಲಿನವರಿಗೂ ಬೇಕಾಗುವಂಥದ್ದೇ.

ಅಲ್ಲಿಯವರೆಗೆ ಪುಣೆ, ಮುಂಬೈಯಿಂದ ಹೊರದೇಶಕ್ಕೆ ಗೇಮ್, ಕಾಮಿಕ್ಸ್, ಕಥೆ ಮಾರುವವರು ನೋಡಬೇಕಾದದ್ದು ಎರಡು ಕಾಗದ. ತಾಣದ ನಿಯಮ ಒಂದು. ಆ ತಾಣ ಯಾವ ಪ್ರೊಸೆಸರ್ ಬಳಸುತ್ತದೋ ಅದರ 'ಮಾರಬಾರದ ಸರಕು' ಪಟ್ಟಿ ಇನ್ನೊಂದು. ಸ್ಟ್ರೈಪ್, ಪೇಪಾಲ್ ಎರಡೂ ಇದನ್ನು ತಮ್ಮ ತಾಣದಲ್ಲೇ ಹಾಕಿವೆ. ಎರಡರಲ್ಲಿ ವ್ಯತ್ಯಾಸ ಕಂಡರೆ, ನಡೆಯುವುದು ಎರಡನೆಯ ಪಟ್ಟಿ.